ಬಿಳಿ ಅನ್ನದ ಊರಲ್ಲಿ ಬಣ್ಣದ ತಟ್ಟೆ

‘ನಮ್ ಹುಡುಗ ಏನೂ ಉಣ್ಣಲ್ಲ ನೋಡ್ರಿ. ಮೊಸರನ್ನ ಬಿಟ್ರೆ ಬ್ಯಾರೆ ಏನೂ ಮುಟ್ಟಲ್ಲ.’

ಹಚ್ಚೊಳ್ಳಿಯ ಅಂಗನವಾಡಿ ಬಾಗಿಲಲ್ಲಿ, ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲಿ ನಾಲ್ಕು ಜನ ತಾಯಂದಿರು ಸೇರಿದರೂ ಈ ಮಾತು ಬಂದೇ ಬರುತ್ತದೆ. ಅಜ್ಜಿ ತಟ್ಟೆ ಹಿಡಿದು ಓಣಿ ತುಂಬ ಮೊಮ್ಮಗನ ಹಿಂದೆ ಓಡುತ್ತಾಳೆ. ಅಮ್ಮ ಮೊಬೈಲಿನಲ್ಲಿ ಹಾಡು ಹಾಕಿ, ಬಾಯಿ ತೆರೆದಾಗೊಮ್ಮೆ ತುತ್ತು ತುರುಕುತ್ತಾಳೆ. ಕೊನೆಗೆ ಎಲ್ಲರೂ ಸೋತು, ‘ಹಾಲಾದ್ರೂ ಕುಡಿಯಪ್ಪಾ’ ಅನ್ನುವಲ್ಲಿಗೆ ಊಟ ಮುಗಿಯುತ್ತದೆ.

ಒಂದು ದಿನ ಸುಮ್ಮನೆ ನಿಮ್ಮ ಮಗುವಿನ ಹೊಟ್ಟೆಗೆ ಹೋದದ್ದರ ಬಣ್ಣ ಎಣಿಸಿ ನೋಡಿ. ಬೆಳಿಗ್ಗೆ ಹಾಲು, ಬಿಸ್ಕೆಟ್. ಮಧ್ಯಾಹ್ನ ಅನ್ನ, ಮೊಸರು. ಸಂಜೆ ಮಂಡಕ್ಕಿ. ರಾತ್ರಿ ಮತ್ತೆ ಅನ್ನ, ಮತ್ತೆ ಹಾಲು. ಬೆಳಗಿನಿಂದ ರಾತ್ರಿಯವರೆಗೆ ಬರೀ ಬಿಳಿ! ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪ ತಾಲ್ಲೂಕು ಭತ್ತದ ಸೀಮೆಯಾಯಿತು, ಊರೂರಿಗೆ ಅಕ್ಕಿ ಗಿರಣಿ ಬಂದವು. ಅನ್ನಕ್ಕೆ ಬರವಿಲ್ಲ, ಅದು ನಮ್ಮ ಪುಣ್ಯ. ಆದರೆ ದೊಡ್ಡವರ ತಟ್ಟೆಯಲ್ಲಿ ಅನ್ನದ ಜೊತೆ ಪಲ್ಯ, ಬೇಳೆ, ಚಟ್ನಿಪುಡಿ ಇರುತ್ತದೆ, ಮಗುವಿನ ತಟ್ಟೆಯಲ್ಲಿ ಅನ್ನವೊಂದೇ ಉಳಿದುಬಿಡುತ್ತದೆ.

ಈ ಲೇಖನ ಆ ತಟ್ಟೆಗೆ ಬಣ್ಣ ತರುವುದರ ಬಗ್ಗೆ. ಪೇಟೆಯಿಂದ ಅಚ್ಚು, ಡಬ್ಬಿ, ಅಲಂಕಾರದ ಸಾಮಾನು ಏನೂ ತರಬೇಕಿಲ್ಲ. ಹೊಲದ ಕೆಲಸಕ್ಕೆ ಹೊರಡುವ ತಾಯಿಗೂ ಐದು ನಿಮಿಷದಲ್ಲಿ ಆಗುವಂಥವನ್ನೇ ಇಲ್ಲಿ ಹೇಳಿದ್ದೇನೆ.

‘ಒಲ್ಲೆ’ ಅನ್ನುವುದು ಹಟವಷ್ಟೇ ಅಲ್ಲ

ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರರಷ್ಟಾಗುತ್ತದೆ. ಎರಡನೇ ವರ್ಷದಲ್ಲಿ ಏರುವುದು ಸುಮಾರು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ಓಟ ನಿಧಾನವಾದಾಗ ಹಸಿವೂ ಕಡಿಮೆಯಾಗುತ್ತದೆ. ನಮಗದು ‘ಮೊದ್ಲು ಚೆನ್ನಾಗಿ ಉಣ್ತಿತ್ತು, ಈಗ ಏನಾಯ್ತೋ’ ಅನ್ನಿಸುತ್ತದೆ.

ಇದರ ಜೊತೆಗೆ ಎರಡರಿಂದ ಆರು ವರ್ಷದವರೆಗೆ ಮಕ್ಕಳಿಗೆ ಹೊಸ ತಿನಿಸಿನ ಬಗ್ಗೆ ಒಂದು ಹುಟ್ಟು ಅಂಜಿಕೆ ಇರುತ್ತದೆ. ನಡೆಯಲು ಕಲಿತ ಕೂಸು ಕಂಡ ಕಂಡ ಎಲೆ, ಕಾಯಿ ಬಾಯಿಗೆ ಹಾಕಿಕೊಳ್ಳದಿರಲಿ ಎಂದು ಪ್ರಕೃತಿಯೇ ಇಟ್ಟ ಕಾವಲಿದು ಎನ್ನುತ್ತಾರೆ ತಜ್ಞರು. ಹಸಿರು ಸೊಪ್ಪು, ಕಹಿ ರುಚಿ, ಲೋಳೆಯಾದ ಬೆಂಡೆಕಾಯಿ ಇವನ್ನು ಮಗು ದೂರ ತಳ್ಳುವುದು ಅದಕ್ಕೇ. ಈ ಕಾವಲು ಒಂದೇ ದಿನಕ್ಕೆ ಸಡಿಲವಾಗುವುದಿಲ್ಲ. ಒಂದು ತರಕಾರಿ ಮಗುವಿಗೆ ಪರಿಚಯದ್ದಾಗಲು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಅದು ತಟ್ಟೆಯಲ್ಲಿ ಕಾಣಿಸಿಕೊಳ್ಳಬೇಕು. ನಾವು ಎರಡು ಸಲ ಇಟ್ಟು, ‘ಅವನಿಗೆ ಸೊಪ್ಪು ಸೇರಲ್ಲ’ ಅಂತ ತೀರ್ಮಾನ ಕೊಟ್ಟುಬಿಡುತ್ತೇವೆ. ಮಗುವೂ ಅದನ್ನೇ ಕೇಳಿ ಕೇಳಿ ನಂಬುತ್ತದೆ.

ಚೆಂದದ ತಟ್ಟೆ ಸಹಾಯಕ್ಕೆ ಬರುವುದು ಇಲ್ಲೇ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 4ರಿಂದ 7 ವರ್ಷದ ಮಕ್ಕಳಿಗೆ ಹಣ್ಣನ್ನು ಎರಡು ಬಗೆಯಲ್ಲಿ ಕೊಟ್ಟಿದ್ದರು: ಒಮ್ಮೆ ಸಾದಾ, ಇನ್ನೊಮ್ಮೆ ಕಣ್ಣಿಗೆ ಹಬ್ಬವಾಗುವಂತೆ ಜೋಡಿಸಿ. ಚೆಂದಗೆ ಜೋಡಿಸಿದಾಗ ಮಕ್ಕಳು ಹೆಚ್ಚುಕಡಿಮೆ ಎರಡರಷ್ಟು ತಿಂದರು. ಹಣ್ಣು ಅದೇ, ರುಚಿ ಅದೇ, ಬದಲಾದದ್ದು ನೋಟ ಮಾತ್ರ.

ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಲಸಿದ ಅನ್ನವನ್ನು ಸಣ್ಣ ಸಣ್ಣ ಉಂಡೆ ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ‘ಇದು ಕಾಗಿ ತುತ್ತು, ಇದು ಗುಬ್ಬಿ ತುತ್ತು, ಇದು ನಿಮ್ಮಪ್ಪಂದು’ ಅಂತ ಉಣಿಸುತ್ತಿದ್ದವರು ಅವರೇ. ರೊಟ್ಟಿ ಬಡಿಯುವಾಗ ಕೊನೆಯ ಹಿಟ್ಟಿನಲ್ಲಿ ಅಂಗೈಯಗಲದ ಪುಟ್ಟ ರೊಟ್ಟಿ ಮಾಡಿ ಮಗುವಿನ ಕೈಗಿಟ್ಟವರೂ ಅವರೇ.

ಚೆಂದಕ್ಕಿಂತ ದೊಡ್ಡ ಮಾತು: ರಕ್ತ

‘ಮೊಸರನ್ನ ತಿಂದ್ರೆ ಏನಾಯ್ತು, ಹೊಟ್ಟೆ ತುಂಬ್ತಲ್ಲ’ ಅನ್ನುವವರಿದ್ದಾರೆ. ಹೊಟ್ಟೆ ತುಂಬುತ್ತದೆ, ನಿಜ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಅಂದರೆ ಅಂಗನವಾಡಿಯಲ್ಲಿ ಸಾಲಾಗಿ ಕೂತ ಮೂವರಲ್ಲಿ ಇಬ್ಬರು. ಇದಕ್ಕೆ ಕಾರಣ ಹಲವಿದ್ದರೂ ಊಟದಲ್ಲಿ ಕಬ್ಬಿಣಾಂಶ ಕಡಿಮೆ ಇರುವುದು ದೊಡ್ಡ ಕಾರಣ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಇರುವುದೇ ಅಲ್ಪ, ಹಾಲು ಮೊಸರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಲು ಹೆಚ್ಚಾದರೆ ಬೇರೆ ಊಟಕ್ಕೆ ಹೊಟ್ಟೆಯಲ್ಲಿ ಜಾಗವೂ ಉಳಿಯದು. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಮಿಕ್ಕದಿರಲಿ.

ಹಾಗಾಗಿ ತಟ್ಟೆಗೆ ಬಣ್ಣ ತರುವುದೆಂದರೆ ಅಂದಕ್ಕೆ ಮಾತ್ರವಲ್ಲ. ನುಗ್ಗೆಸೊಪ್ಪು ಹೆಸರುಕಾಳಿನ ಹಸಿರು, ಅಲಸಂದಿಯ ಕಂದು, ಮೊಟ್ಟೆಯ ಹಳದಿ, ಸಜ್ಜೆಯ ಬೂದು ಇವೆಲ್ಲ ಕಬ್ಬಿಣಾಂಶ, ಪ್ರೋಟೀನು, ವಿಟಮಿನ್ ಜೊತೆಗೇ ಬರುವ ಬಣ್ಣಗಳು. ಮೇಲೊಂದಿಷ್ಟು ನಿಂಬೆರಸ ಹಿಂಡಿದರೆ ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಚಹಾ ಕೊಟ್ಟರೆ ಅದೇ ಕಬ್ಬಿಣಾಂಶ ಹತ್ತದೆ ಹೋಗುತ್ತದೆ. ಮಕ್ಕಳಿಗೆ ಚಹಾ ಬೇಡವೇ ಬೇಡ.

ತಟ್ಟೆಯಲ್ಲೊಂದು ಕಾಲುವೆ

ನಮ್ಮ ಸೀಮೆಯ ಮಕ್ಕಳಿಗೆ ಕಾರ್ಟೂನಿಗಿಂತ ಚೆನ್ನಾಗಿ ಗೊತ್ತಿರುವುದು ಕಾಲುವೆ, ತೂಬು, ಬದು, ಗದ್ದೆ. ಅದನ್ನೇ ತಟ್ಟೆಗೆ ತನ್ನಿ.

ಅನ್ನವನ್ನು ಸ್ವಲ್ಪ ಮೆತ್ತಗೆ ಹಿಚುಕಿ ತಟ್ಟೆಯಲ್ಲಿ ಹರಡಿ. ಬೆರಳಿನಿಂದ ಸುತ್ತ ಬದು ಎತ್ತಿ, ನಡುವೆ ಒಂದು ಕಾಲುವೆ ತೋಡಿ. ಒಂದು ತುದಿಯಲ್ಲಿ ಗಟ್ಟಿ ತೊಗರಿಬೇಳೆಯ ‘ಕೆರೆ’ ಇರಲಿ. ಕೆರೆಗೂ ಕಾಲುವೆಗೂ ನಡುವೆ ಅನ್ನದ ಒಂದು ಒಡ್ಡು. ಬದುವಿನ ಮೇಲೆ ಬೇಯಿಸಿದ ಬೀನ್ಸ್ ತುಂಡುಗಳ ಗಿಡ, ಮೂಲೆಯಲ್ಲಿ ಅರ್ಧ ಬೇಯಿಸಿದ ಮೊಟ್ಟೆಯ ಸೂರ್ಯ. ಚಮಚ ಮಗುವಿನ ಕೈಗೆ ಕೊಟ್ಟು, ‘ನೀರು ಬಿಡಪ್ಪಾ ಗೌಡ’ ಅಂದುಬಿಡಿ. ಒಡ್ಡು ಒಡೆದು ಬೇಳೆ ಹರಿಯುವಾಗ ಆ ಮುಖ ನೋಡಬೇಕು! ನೀರು ಬಿಟ್ಟ ಗದ್ದೆಯನ್ನು ಕೊಯ್ಯುವವನೂ ಅವನೇ, ಉಣ್ಣುವವನೂ ಅವನೇ.

ಇದಕ್ಕೆ ಹೆಚ್ಚಿನ ಅಡುಗೆ ಏನೂ ಬೇಡ. ಮನೆಯಲ್ಲಿ ಮಾಡಿದ ಅನ್ನ ಬೇಳೆಯೇ ಸಾಕು. ಬೇಳೆ ಬೇಯುವಾಗ ಒಂದು ಹಿಡಿ ನುಗ್ಗೆಸೊಪ್ಪೋ ಪಾಲಕ್ಕೋ ಹಾಕಿದರೆ ಕೆರೆಯ ನೀರು ಹಸಿರು, ಕುಂಬಳಕಾಯಿ ಹಾಕಿದರೆ ಕೆಂಪು ಮಣ್ಣಿನ ಹೊಸ ನೀರು.

ಅಡುಗೆಮನೆಯ ಬಣ್ಣದ ಪೆಟ್ಟಿಗೆ

*ಕೆಂಪು:* ಅರ್ಧ ಬೀಟ್‌ರೂಟ್ ಸಣ್ಣಗೆ ತುರಿದು, ಜೀರಿಗೆ ಒಗ್ಗರಣೆಯಲ್ಲಿ ಐದು ನಿಮಿಷ ಬಾಡಿಸಿ, ಒಂದು ಲೋಟ ಬಿಸಿ ಅನ್ನ, ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ ಹಾಕಿ ಕಲಸಿ. ಎಣ್ಣೆ ಸವರಿದ ಪುಟ್ಟ ಬಟ್ಟಲಿಗೆ ಒತ್ತಿ ತುಂಬಿ ತಟ್ಟೆಗೆ ಬೋರಲು ಹಾಕಿದರೆ ಕೆಂಪು ಗುಡ್ಡ ಸಿದ್ಧ. ಮಾರನೇ ದಿನ ಮಲ, ಮೂತ್ರ ಕೆಂಪಾಗಿ ಕಂಡರೆ ಗಾಬರಿ ಬೇಡ, ಅದು ಬೀಟ್‌ರೂಟಿನ ಬಣ್ಣ.

*ಹಸಿರು:* ಮೆಂತ್ಯ ಅಥವಾ ಪಾಲಕ್ ಸೊಪ್ಪನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಬಾಡಿಸಿ ರುಬ್ಬಿ ಚಪಾತಿ ಹಿಟ್ಟಿಗೆ ಕಲಸಿ. ಲೋಟದ ಬಾಯಿಂದ ಒತ್ತಿ ಪುಟ್ಟ ಪುಟ್ಟ ಚಪಾತಿ ಮಾಡಿ. ಪುಂಡಿಪಲ್ಯದ ಹುಳಿ ಕೆಲವು ಮಕ್ಕಳಿಗೆ ಬಹಳ ಸೇರುತ್ತದೆ. ಖಾರ ಹಾಕುವ ಮೊದಲೇ ಅವರ ಪಾಲು ತೆಗೆದಿಡಿ.

*ಹಳದಿ:* ಬಳ್ಳಾರಿ ಕಡೆಯವರಿಗೆ ಒಗ್ಗರಣೆ ಮಂಡಕ್ಕಿ ಹೇಳಿಕೊಡಬೇಕೇ? ಮಕ್ಕಳಿಗೆ ಮಾಡುವಾಗ ಹಸಿಮೆಣಸಿನಕಾಯಿ ಬಿಟ್ಟು, ತುರಿದ ಗಜ್ಜರಿ, ಕೊತ್ತಂಬರಿ, ಎರಡು ಚಮಚ ಪುಟಾಣಿ ಪುಡಿ, ಒಂದು ಚಮಚ ಶೇಂಗಾ ಪುಡಿ ಸೇರಿಸಿ. ಬರೀ ಮಂಡಕ್ಕಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಪುಟಾಣಿ ಶೇಂಗಾ ಸೇರಿದರೆ ಅದು ಊಟವಾಗುತ್ತದೆ.

*ಮೂರು ಬಣ್ಣದ ಪಡ್ಡು:* ದೋಸೆ ಹಿಟ್ಟನ್ನು ಮೂರು ಬಟ್ಟಲಿಗೆ ಹಂಚಿ. ಒಂದಕ್ಕೆ ಗಜ್ಜರಿ ತುರಿ, ಒಂದಕ್ಕೆ ಸೊಪ್ಪಿನ ರಸ, ಇನ್ನೊಂದಕ್ಕೆ ಬೀಟ್‌ರೂಟ್ ತುರಿ. ಪಡ್ಡಿನ ಹಂಚಿನಲ್ಲಿ ಬೇಯಿಸಿ ತಟ್ಟೆಯಲ್ಲಿ ದುಂಡಗೆ ಜೋಡಿಸಿ. ‘ಯಾವ ಬಣ್ಣ ಮೊದಲು?’ ಎಂದು ಕೇಳಿ. ‘ಉಣ್ತೀಯೋ ಇಲ್ವೋ’ ಎಂಬ ಪ್ರಶ್ನೆಗೆ ‘ಇಲ್ಲ’ ಅನ್ನುವ ಮಗು, ‘ಕೆಂಪೋ ಹಸಿರೋ’ ಎಂದಾಗ ಯೋಚನೆಗೆ ಬೀಳುತ್ತದೆ.

*ಹಣ್ಣು:* ಬಾಳೆಹಣ್ಣಿನ ಬಿಲ್ಲೆ, ಪಪ್ಪಾಯಿ ತುಂಡು, ಪೇರಲದ ಹೋಳು, ದಾಳಿಂಬೆ ಕಾಳು. ಬಳ್ಳಾರಿಯ ಅಂಜೂರ ಸಿಕ್ಕ ಕಾಲದಲ್ಲಿ ಅದನ್ನು ನಾಲ್ಕು ಹೋಳು ಮಾಡಿ ಹೂವಿನಂತೆ ಬಿಡಿಸಿಟ್ಟರೆ ಮತ್ತೆ ಅಲಂಕಾರವೇ ಬೇಡ.

ಒಂದು ಮಾತು ನೆನಪಿರಲಿ. ತರಕಾರಿಯನ್ನು ರುಬ್ಬಿ ಬಚ್ಚಿಟ್ಟು ತಿನ್ನಿಸುವುದು ತಪ್ಪಲ್ಲ, ಆದರೆ ಅದಷ್ಟನ್ನೇ ಮಾಡಿದರೆ ಮಗುವಿಗೆ ತರಕಾರಿಯ ಪರಿಚಯ ಆಗುವುದೇ ಇಲ್ಲ. ಹಿಟ್ಟಿನೊಳಗೆ ಪಾಲಕ್ ಇದ್ದ ದಿನ ತಟ್ಟೆಯ ಅಂಚಿನಲ್ಲಿ ಒಂದು ಪಾಲಕ್ ಎಲೆಯೂ ಇರಲಿ. ‘ಈ ಎಲೆನೇ ನಿನ್ನ ಚಪಾತಿಗೆ ಬಣ್ಣ ಹಚ್ಚಿದ್ದು’ ಎಂದು ಹೇಳಿ.

ಮಗುವಿನ ಕೈ ಹಿಟ್ಟಿಗೆ ಬೀಳಲಿ

ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡುವ ಊರು ನಮ್ಮದು. ಆ ಬೆರಳುಗಳಿಗೆ ಚಪಾತಿ ಹಿಟ್ಟು ಕೊಟ್ಟರೆ ಎತ್ತು, ಬಂಡಿ, ಹಾವು ಎಲ್ಲ ಮಾಡುತ್ತವೆ. ಹಂಚಿನ ಮೇಲೆ ಬೇಯಬೇಕಾದ್ದರಿಂದ ತೆಳ್ಳಗೆ ತಟ್ಟಿಸಿ. ಎಳ್ಳಿನ ಕಣ್ಣು ಇಡುವ ಕೆಲಸ ಅವರದೇ ಇರಲಿ. ತಾನು ಮಾಡಿದ ಎತ್ತನ್ನು ಬೇಡ ಅನ್ನುವ ಮಗು ಅಪರೂಪ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಕಟ್ಟುವಾಗಲೂ ಪುಟ್ಟ ಅಂಗೈಗೆ ಒಂದಿಷ್ಟು ಹಾಕಿ. ಎಳ್ಳು, ಶೇಂಗಾ, ಬೆಲ್ಲ ಮೂರೂ ಒಟ್ಟಿಗೆ ಹೊಟ್ಟೆಗೆ ಹೋಗುವ ಹಬ್ಬ ಅದು.

ಮೂರು ವರ್ಷದ ಮಗು ಸೊಪ್ಪು ಬಿಡಿಸಬಲ್ಲದು, ಬಟಾಣಿ ಸುಲಿಯಬಲ್ಲದು. ಅದು ಬಿಡಿಸಿದ ಸೊಪ್ಪಿನಲ್ಲಿ ಅರ್ಧ ನೆಲದ ಮೇಲಿರುತ್ತದೆ, ಇರಲಿ ಬಿಡಿ. ಆದರೆ ಮುಟ್ಟಿ, ಮೂಸಿ, ಹರಿದ ಎಲೆಯ ಮೇಲಿನ ಅಂಜಿಕೆ ಅರ್ಧ ಇಳಿದಿರುತ್ತದೆ.

ಜೊತೆ ಕೂತು ಉಣ್ಣುವವರಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಬೇಡ ಅಂದ ಸಾಂಬಾರನ್ನೇ ಅಂಗನವಾಡಿಯಲ್ಲಿ ಉಣ್ಣುವ ಮಕ್ಕಳನ್ನು ನೋಡಿಲ್ಲವೇ? ಪಕ್ಕದವನು ಉಣ್ಣುತ್ತಿದ್ದಾನೆ, ಅದಕ್ಕೆ. ಶಾಲೆಯ ಬಿಸಿಯೂಟ ‘ಅಕ್ಷರ ದಾಸೋಹ’ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. 2021ರ ಡಿಸೆಂಬರ್‌ನಲ್ಲಿ ಆ ತಟ್ಟೆಗೆ ಮೊಟ್ಟೆ ಬಂದದ್ದೂ ಮೊದಲು ಕಲ್ಯಾಣ ಕರ್ನಾಟಕದ ಈ ಜಿಲ್ಲೆಗಳಲ್ಲೇ. ಪಂಕ್ತಿಯ ಆ ಗುಣವನ್ನು ಮನೆಗೂ ತನ್ನಿ. ದಿನಕ್ಕೆ ಒಂದು ಹೊತ್ತಾದರೂ ಅಪ್ಪ, ಅಮ್ಮ, ಅಜ್ಜಿ, ಮಕ್ಕಳು ಒಟ್ಟಿಗೆ ಕೂತು, ಅದೇ ಪಲ್ಯ ಎಲ್ಲರ ತಟ್ಟೆಗೂ ಬೀಳಲಿ. ಬದನೆಕಾಯಿ ಕಂಡು ಅಪ್ಪನೇ ಮುಖ ಸಿಂಡರಿಸಿದರೆ ಮಗನಿಂದ ಏನು ನಿರೀಕ್ಷಿಸುತ್ತೀರಿ?

ಹೀಗೆ ಮಾಡಬೇಡಿ

*ಬಾಟಲಿ ಬಣ್ಣ ಬೇಡ.* ಕಣ್ಣು ಕುಕ್ಕುವ ಬಣ್ಣಕ್ಕಾಗಿ ಅಂಗಡಿಯ ಪುಡಿ ತರಬೇಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬ್‌ಗೂ ಅದೇ ಆದೇಶ ಬಂತು. ಪರೀಕ್ಷೆಗೆ ತೆಗೆದುಕೊಂಡ ಮಾದರಿಗಳಲ್ಲಿ ಬಟ್ಟೆಗೆ ಬಣ್ಣ ಹಾಕಲು ಬಳಸುವ ರೋಡಮಿನ್-ಬಿ ಸಿಕ್ಕಿತ್ತು. ಅರಿಸಿನ, ಬೀಟ್‌ರೂಟ್, ಸೊಪ್ಪು ಕೊಡುವಷ್ಟೇ ಬಣ್ಣ ಸಾಕು.

*ಮೊಬೈಲ್ ಎದುರು ತಟ್ಟೆ ಗೆಲ್ಲಲ್ಲ.* ಎಷ್ಟೇ ಚೆಂದ ಜೋಡಿಸಿದರೂ ಕಣ್ಣು ಪರದೆಯ ಮೇಲಿದ್ದರೆ ಅದನ್ನು ನೋಡುವವರು ಯಾರು? ಮೊದಲ ಎರಡು ಮೂರು ದಿನ ರಂಪ ಆಗುತ್ತದೆ. ತಡೆದುಕೊಳ್ಳಿ.

*ಲಂಚ ಬೇಡ, ಬಡಿತವೂ ಬೇಡ.* ‘ಪಲ್ಯ ತಿಂದ್ರೆ ಚಾಕಲೇಟ್’ ಅಂದರೆ ಪಲ್ಯ ಶಿಕ್ಷೆ, ಚಾಕಲೇಟ್ ಬಹುಮಾನ ಅಂತ ಮಗು ಲೆಕ್ಕ ಹಾಕುತ್ತದೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎನ್ನುವುದು ನಮ್ಮ ಕೆಲಸ. ಎಷ್ಟು ಉಣ್ಣಬೇಕು ಎನ್ನುವುದು ಮಗುವಿನ ಹೊಟ್ಟೆಯ ಕೆಲಸ. ಅಲಂಕಾರ ಮಾಡಿದ್ದೇವೆ ಅಂತ ಪೂರ್ತಿ ಉಣ್ಣಲೇಬೇಕೆಂದು ಹಟ ಹಿಡಿದರೆ ಚೆಂದದ ತಟ್ಟೆಯೂ ಹೆದರಿಕೆಯ ತಟ್ಟೆಯಾಗುತ್ತದೆ.

*ಊಟಕ್ಕೆ ಮುಂಚೆ ಪೊಟ್ಟಣದ ತಿಂಡಿ ಬೇಡ.* ಐದು ರೂಪಾಯಿಯ ಪೊಟ್ಟಣ, ಎರಡು ಬಿಸ್ಕೆಟ್ ಸಾಕು ಪುಟ್ಟ ಹೊಟ್ಟೆ ತುಂಬಲು. ಊಟಕ್ಕೂ ತಿಂಡಿಗೂ ನಡುವೆ ಎರಡು ಮೂರು ತಾಸು ನೀರು ಬಿಟ್ಟು ಏನೂ ಬೇಡ. ಹಸಿವಿಗಿಂತ ದೊಡ್ಡ ಅಲಂಕಾರವಿಲ್ಲ.

*ಗಂಟಲಿಗೆ ಸಿಗುವುದು ಬೇಡ.* ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ, ಇಡೀ ದ್ರಾಕ್ಷಿ, ಹಸಿ ಗಜ್ಜರಿಯ ದಪ್ಪ ತುಂಡು ಕೊಡಬೇಡಿ. ಶೇಂಗಾ ಪುಡಿ ಮಾಡಿ, ದ್ರಾಕ್ಷಿ ಉದ್ದಕ್ಕೆ ಸೀಳಿ, ಗಜ್ಜರಿ ತುರಿದು ಅಥವಾ ಬೇಯಿಸಿ ಕೊಡಿ. ಅಲಂಕಾರಕ್ಕೆ ಚೂಪು ಕಡ್ಡಿ ಚುಚ್ಚಬೇಡಿ. ಓಡಾಡುತ್ತಾ ಉಣ್ಣುವುದನ್ನು ಬಿಡಿಸಿ, ಕೂರಿಸಿಯೇ ಉಣಿಸಿ.

ವಾರಕ್ಕೊಂದು ಸುಲಭದ ಸಾಲು

ಸೋಮವಾರ: ಕಾಲುವೆ ತಟ್ಟೆ, ಸೊಪ್ಪಿನ ಬೇಳೆಯೊಂದಿಗೆ.
ಮಂಗಳವಾರ: ಹಸಿರು ಪುಟ್ಟ ಚಪಾತಿ, ಮೊಳಕೆ ಹೆಸರುಕಾಳಿನ ಮೆತ್ತನೆ ಪಲ್ಯ.
ಬುಧವಾರ: ಬೀಟ್‌ರೂಟ್ ಅನ್ನದ ಗುಡ್ಡ, ಪಕ್ಕದಲ್ಲಿ ಮೊಸರಿನ ಕೆರೆ.
ಗುರುವಾರ: ಮೂರು ಬಣ್ಣದ ಪಡ್ಡು, ಶೇಂಗಾ ಚಟ್ನಿ.
ಶುಕ್ರವಾರ: ಎಳ್ಳು ಹಚ್ಚಿದ ಪುಟ್ಟ ಸಜ್ಜೆ ರೊಟ್ಟಿ, ಕುಂಬಳಕಾಯಿ ಪಲ್ಯ, ಬೆಲ್ಲದ ಚೂರು.
ಶನಿವಾರ: ನಿಂಬೆಹಣ್ಣಿನ ಚಿತ್ರಾನ್ನ, ಮೊಟ್ಟೆ ಅಥವಾ ಅಲಸಂದಿ ಉಸಳಿ.
ಭಾನುವಾರ: ಮಗು ಹೇಳಿದ ಬಣ್ಣ, ಮಗು ಕೈ ಹಾಕಿ ಮಾಡಿದ ಅಡುಗೆ.

ದಿನಾ ಅಲಂಕಾರ ಆಗಲೇಬೇಕೆಂದಿಲ್ಲ. ಭತ್ತದ ನಾಟಿಯ ದಿನಗಳಲ್ಲಿ ನಸುಕಿಗೇ ಹೊಲಕ್ಕೆ ಹೋಗುವ ತಾಯಿಗೆ ಅದು ಆಗುವ ಮಾತಲ್ಲ. ಅಂಥ ದಿನ ಒಂದೇ ನಿಯಮ ಸಾಕು: ಬಿಳಿ ಅನ್ನದ ಜೊತೆ ಇನ್ನೆರಡು ಬಣ್ಣ, ಪ್ರತಿಯೊಂದೂ ಒಂದೊಂದು ಚಮಚ. ಮನೆಯಲ್ಲಿ ಉಣಿಸುವ ಅಜ್ಜಿಗೂ ಇದನ್ನು ಹೇಳಿಡಿ.

ವೈದ್ಯರಿಗೆ ತೋರಿಸುವುದು ಯಾವಾಗ?

ಆಟವಾಡಿಕೊಂಡು, ನಗುನಗುತ್ತಾ, ತೂಕ ಏರುತ್ತಿರುವ ಮಗು ಕಡಿಮೆ ಉಂಡರೆ ಚಿಂತೆ ಬೇಡ. ಆದರೆ ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಗೆರೆ ಕೆಳಗಿಳಿಯುತ್ತಿದ್ದರೆ, ಮಗು ಬಿಳಿಚಿಕೊಂಡು ಬೇಗ ಸುಸ್ತಾಗುತ್ತಿದ್ದರೆ, ನುಂಗುವಾಗ ಉಸಿರು ಕಟ್ಟಿದಂತಾಗಿ ಕೆಮ್ಮುತ್ತಿದ್ದರೆ, ಪದೇ ಪದೇ ವಾಂತಿ ಆಗುತ್ತಿದ್ದರೆ ತಡಮಾಡದೆ ತೋರಿಸಿ. ಮಣ್ಣು, ಬಳಪ, ಸುಣ್ಣ, ಹಸಿ ಅಕ್ಕಿ ತಿನ್ನುವ ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ಬಹಳ ಸಲ ಅದು ಕಬ್ಬಿಣಾಂಶದ ಕೊರತೆಯ ಗುರುತು. ರಕ್ತ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ಪು, ಜಂತುಹುಳು ನಿವಾರಣಾ ದಿನದ ಮಾತ್ರೆ ಇವನ್ನು ತಪ್ಪಿಸಬೇಡಿ. ಹೊಟ್ಟೆಯಲ್ಲಿ ಹುಳು ಇದ್ದರೆ ಎಷ್ಟು ಚೆಂದದ ತಟ್ಟೆಯೂ ಮೈಗೆ ಹತ್ತದು.

ಇಂದು ಇಟ್ಟ ಒಂದು ಚಮಚ ಸೊಪ್ಪನ್ನು ಮಗು ಮುಟ್ಟದೇ ಇರಬಹುದು. ನಾಳೆ ಬೆರಳಲ್ಲಿ ಆಡಿ ಬಿಡಬಹುದು. ನಾಡಿದ್ದು ನೆಕ್ಕಿ ಉಗುಳಬಹುದು. ಅದೂ ಮುಂದಿನ ಹೆಜ್ಜೆಯೇ. ಬೈಯದೆ, ಬಲವಂತ ಮಾಡದೆ, ಮತ್ತೆ ಮರುದಿನ ಅಷ್ಟೇ ಚೆಂದಗೆ ಇಡಿ. ಸಸಿ ನೆಟ್ಟ ದಿನವೇ ತೆನೆ ಹುಡುಕುವವರಲ್ಲ ನಾವು, ಭತ್ತದ ಸೀಮೆಯ ಜನ. ಅದೇ ತಾಳ್ಮೆ ಮಗುವಿನ ತಟ್ಟೆಯ ಮುಂದೆಯೂ ಇರಲಿ.